ಲಾಗ್ ಫೈಲ್ ತುಂಬಿದೆ, ಅಳಿಸಲೇ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮ ಬಿಡಿಭಾಗಗಳ ಕಾರ್ಖಾನೆ ಇದೆ. ಇಆರ್‌ಪಿ (ಲೆಕ್ಕ, ದಾಸ್ತಾನು, ಬಿಲ್ಲಿಂಗ್ ನೋಡಿಕೊಳ್ಳುವ ಸಾಫ್ಟ್‌ವೇರ್) ನಡೆಯುವುದು ಮೈಕ್ರೋಸಾಫ್ಟ್‌ನ ಡೇಟಾಬೇಸ್ ಆದ ಎಸ್‌ಕ್ಯೂಎಲ್ ಸರ್ವರ್ ಮೇಲೆ. ತಿಂಗಳ ಕೊನೆಯಲ್ಲಿ ಇನ್‌ವಾಯ್ಸ್ ಸೇವ್ ಮಾಡಹೋದರೆ 'ಲಾಗ್ ತುಂಬಿದೆ' ಎಂಬ ಎರರ್ 9002 ಬರುತ್ತದೆ. ಡೇಟಾ 18 ಜಿಬಿ, ಲಾಗ್ ಇರುವ ಎಲ್‌ಡಿಎಫ್ ಫೈಲ್ ಮಾತ್ರ 140 ಜಿಬಿ! ದಿನಾ ರಾತ್ರಿ ಫುಲ್ ಬ್ಯಾಕಪ್ ತೆಗೆಯುತ್ತೇವೆ. ಎಲ್‌ಡಿಎಫ್ ಅಳಿಸಬಹುದೇ?

ಉತ್ತರ: ಬೇಡವೇ ಬೇಡ. 'ಲಾಗ್' ಎಂಬ ಹೆಸರು ನೋಡಿ ಕಸವೆಂದುಕೊಳ್ಳುವವರು ಬಹಳ. ಡೇಟಾ ಫೈಲಿಗೆ ಇನ್ನೂ ಇಳಿಯದ ಬದಲಾವಣೆಗಳು ಅದರಲ್ಲಿರುತ್ತವೆ. ಸರ್ವಿಸ್ ನಿಲ್ಲಿಸಿ ಅಳಿಸಿದರೆ ಡೇಟಾಬೇಸ್ 'ರಿಕವರಿ ಪೆಂಡಿಂಗ್' ಎಂದು ತೆರೆಯದೆ ಕೂರಬಹುದು.

ಮೊದಲು ಕಾರಣ ನೋಡಿ. 'ಸಿಸ್ ಡಾಟ್ ಡೇಟಾಬೇಸಸ್' (sys.databases) ವ್ಯೂ ತೆರೆದರೆ 'ಲಾಗ್ ರೀಯೂಸ್ ವೇಟ್ ಡೆಸ್ಕ್' (log_reuse_wait_desc) ಎಂಬ ಕಾಲಂ ಇರುತ್ತದೆ, ಲಾಗ್ ಏಕೆ ಖಾಲಿಯಾಗುತ್ತಿಲ್ಲ ಎಂದು ಅದು ಹೇಳುತ್ತದೆ. ನಿಮ್ಮಲ್ಲಿ ಅದು 'ಲಾಗ್ ಬ್ಯಾಕಪ್' ಎಂದೇ ಹೇಳುವ ಸಂಭವ ಹೆಚ್ಚು. ರಿಕವರಿ ಮಾಡೆಲ್ (ಲಾಗನ್ನು ಎಲ್ಲಿಯವರೆಗೆ ಉಳಿಸಬೇಕೆಂಬ ಸೆಟ್ಟಿಂಗ್) 'ಫುಲ್' ಇದ್ದಾಗ ಲಾಗ್ ಖಾಲಿಯಾಗುವುದು ಲಾಗ್ ಬ್ಯಾಕಪ್ ತೆಗೆದಾಗ ಮಾತ್ರ. ಫುಲ್ ಬ್ಯಾಕಪ್ ಎಷ್ಟು ಸಲ ತೆಗೆದರೂ ಒಂದಿಂಚೂ ಬಿಡುವಾಗದು.

ಬೇರೆ ಡ್ರೈವ್‌ಗೆ ಲಾಗ್ ಬ್ಯಾಕಪ್ ತೆಗೆಯಿರಿ, ಕಂಪ್ರೆಷನ್ ಹಾಕಿ. ಮೊದಲ ಬ್ಯಾಕಪ್ ದೊಡ್ಡದೇ ಇರುತ್ತದೆ, ಜಾಗ ನೋಡಿಕೊಳ್ಳಿ. ಜಾಗವೇ ಇಲ್ಲದಿದ್ದರೆ ಮಾಡೆಲ್ ಅನ್ನು 'ಸಿಂಪಲ್'ಗೆ ಬದಲಿಸುವ ದಾರಿಯಿದೆ. ಆದರೆ ಒಂದರ ಹಿಂದೊಂದು ಬರುವ ಲಾಗ್ ಬ್ಯಾಕಪ್‌ಗಳ ಸರಪಳಿ ಅಲ್ಲಿಗೇ ಕಡಿಯುತ್ತದೆ. ಮರಳಿ 'ಫುಲ್' ಮಾಡಿದ ಕೂಡಲೇ ಒಂದು ಫುಲ್ ಬ್ಯಾಕಪ್ ಆಗಲೇಬೇಕು.

ಇಷ್ಟಾದರೂ ಫೈಲ್ 140 ಜಿಬಿಯೇ ಕಾಣುತ್ತದೆ, ಗಾಬರಿ ಬೇಡ. ಒಳಗೆ ಖಾಲಿಯಾಗಿದೆ, ಡಿಸ್ಕಿಗೆ ಮರಳಿಲ್ಲ, ಅಷ್ಟೇ. ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ ಡೇಟಾಬೇಸ್ ಮೇಲೆ ರೈಟ್ ಕ್ಲಿಕ್ ಮಾಡಿ ಟಾಸ್ಕ್ಸ್, ಶ್ರಿಂಕ್, ಫೈಲ್ಸ್‌ಗೆ ಹೋಗಿ ಲಾಗ್ ಆರಿಸಿ 8 ಜಿಬಿಗೆ ಇಳಿಸಿ. ಇಳಿಯದಿದ್ದರೆ ಫೈಲಿನ ಬಾಲದ ಭಾಗ ಬಳಕೆಯಲ್ಲಿದೆ ಎಂದರ್ಥ. ಇನ್ನೊಂದು ಲಾಗ್ ಬ್ಯಾಕಪ್ ತೆಗೆದು ಮತ್ತೆ ಯತ್ನಿಸಿ. ಆಟೋಗ್ರೋತ್ (ತುಂಬಿದಾಗ ಫೈಲ್ ತಾನೇ ಬೆಳೆಯುವ ಪ್ರಮಾಣ) ಶೇ. 10 ಎಂದಿದ್ದರೆ ಬದಲಿಸಿ. 140 ಜಿಬಿ ಫೈಲ್ ಒಮ್ಮೆಲೇ 14 ಜಿಬಿ ಬೆಳೆಯಹೊರಟರೆ ಅಷ್ಟಕ್ಕೂ ಸೊನ್ನೆ ಬರೆದು ಮುಗಿಯುವವರೆಗೆ ಬಿಲ್ಲಿಂಗ್ ಸ್ಕ್ರೀನ್ ಸ್ತಬ್ಧ. 512 ಎಂಬಿ ಸಾಕು. ಕೊನೆಗೆ ಪ್ರತಿ 15 ನಿಮಿಷಕ್ಕೊಂದು ಲಾಗ್ ಬ್ಯಾಕಪ್ ಜಾಬ್ ಹಾಕಿ. ಇದಿಲ್ಲದಿದ್ದರೆ ಮೇಲಿನದೆಲ್ಲ ಮತ್ತೆ ಮಾಡಬೇಕಾಗುತ್ತದೆ.

ಮೊದಲು ನೋಡಿದ ಆ ಕಾಲಂ 'ಆಕ್ಟಿವ್ ಟ್ರಾನ್ಸಾಕ್ಷನ್' (ಇನ್ನೂ ಮುಗಿಯದ ಕೆಲಸ) ಎಂದು ಹೇಳಿದರೆ ಕತೆ ಬೇರೆ. 'ಡಿಬಿಸಿಸಿ ಓಪನ್‌ಟ್ರಾನ್' (DBCC OPENTRAN) ಕಮಾಂಡ್ ಓಡಿಸಿದರೆ ಅತಿ ಹಳೆಯ ಟ್ರಾನ್ಸಾಕ್ಷನ್‌ನ ಸೆಷನ್ ನಂಬರ್ ಸಿಗುತ್ತದೆ. ಎಷ್ಟೋ ಸಲ ಯಾರೋ ಎಂಟ್ರಿ ಅರ್ಧಕ್ಕೆ ಬಿಟ್ಟು ಊಟಕ್ಕೆ ಹೋಗಿರುತ್ತಾರೆ. ಅವರನ್ನು ಕೇಳದೆ 'ಕಿಲ್' ಮಾಡಬೇಡಿ. ದೊಡ್ಡ ಪ್ರೊಸೆಸ್ ಆಗಿದ್ದರೆ ರೋಲ್‌ಬ್ಯಾಕ್ (ಅಲ್ಲಿಯವರೆಗೆ ಮಾಡಿದ್ದನ್ನು ರದ್ದುಪಡಿಸುವುದು) ಗಂಟೆಗಟ್ಟಲೆ ಹಿಡಿಯಬಹುದು.

ಪ್ರಶ್ನೆ (ಇನ್ನೊಬ್ಬರದು): ನಮ್ಮದು ಎಸ್‌ಕ್ಯೂಎಲ್ ಸರ್ವರ್‌ನ ಉಚಿತ ಎಕ್ಸ್‌ಪ್ರೆಸ್ ಆವೃತ್ತಿ, 2019. ಡಿಸ್ಕಿನಲ್ಲಿ 200 ಜಿಬಿ ಖಾಲಿಯಿದ್ದರೂ 'ಪ್ರೈಮರಿ ಫೈಲ್‌ಗ್ರೂಪ್ ಫುಲ್' (ಡೇಟಾ ಫೈಲಿನಲ್ಲಿ ಜಾಗವಿಲ್ಲ), ಎರರ್ 1105. ಯಾಕೆ?

ಉತ್ತರ: ಎಕ್ಸ್‌ಪ್ರೆಸ್‌ನಲ್ಲಿ ಒಂದು ಡೇಟಾಬೇಸ್‌ಗೆ 10 ಜಿಬಿ ಮಿತಿ, 2025ರ ಆವೃತ್ತಿಯಲ್ಲಿ ಅದನ್ನು 50 ಜಿಬಿಗೆ ಏರಿಸಿದ್ದಾರೆ. ಲಾಗ್ ಫೈಲ್ ಈ ಲೆಕ್ಕಕ್ಕಿಲ್ಲ. 'ಡಿಸ್ಕ್ ಯೂಸೇಜ್ ಬೈ ಟಾಪ್ ಟೇಬಲ್ಸ್' ರಿಪೋರ್ಟ್ ತೆಗೆದು ನೋಡಿ. ಸಾಮಾನ್ಯವಾಗಿ ಜಾಗ ನುಂಗಿರುವುದು ವ್ಯವಹಾರದ ಡೇಟಾ ಅಲ್ಲ, ಸ್ಕ್ಯಾನ್ ಮಾಡಿ ಸೇರಿಸಿದ ಬಿಲ್ಲುಗಳು ಅಥವಾ ಆಡಿಟ್ ಟೇಬಲ್. ಬ್ಯಾಕಪ್ ತೆಗೆದು, ಸಾಫ್ಟ್‌ವೇರ್ ಕೊಟ್ಟವರಿಂದ ಒಪ್ಪಿಗೆ ಪಡೆದು ಹಳೆಯದನ್ನು ಸಾವಿರ ಸಾವಿರ ಸಾಲುಗಳಂತೆ ಅಳಿಸಿ. ಶ್ರಿಂಕ್ ಬೇಕಿಲ್ಲ, ಖಾಲಿಯಾದ ಪುಟಗಳಿಗೇ ಹೊಸ ಎಂಟ್ರಿಗಳು ಬಂದು ಕೂರುತ್ತವೆ.