ಸಿ ಪ್ರೋಗ್ರಾಂನಲ್ಲಿ ಹೆಸರೊಳಗಿನ ಅಕ್ಷರ ಹುಡುಕಿದರೆ ತಪ್ಪು ಉತ್ತರ ಬರುತ್ತಿದೆ, ಯಾಕೆ?

ಹೆಸರು ಟೈಪ್ ಮಾಡಿ ಎಂಟರ್ ಒತ್ತಿದ ಮೇಲೆ ಯಾವ ಅಕ್ಷರ ಹುಡುಕಬೇಕು ಅಂತ ಕೇಳಬೇಕಾದ ಪ್ರೋಗ್ರಾಂ, ಕಾಯದೇ 'ಸಿಗಲಿಲ್ಲ' ಅನ್ನುತ್ತದೆ ಎಂದು ಬರೆದಿದ್ದೀರಿ. ಒಮ್ಮೊಮ್ಮೆ '31ನೇ ಜಾಗದಲ್ಲಿದೆ' ಅಂತಲೂ ಹೇಳುತ್ತದಂತೆ. ಮೈಸೂರು ಅನ್ನೋದನ್ನು ಇಂಗ್ಲಿಷಿನಲ್ಲಿ ಬರೆದರೆ ಆರೇ ಅಕ್ಷರ. 31 ಎಲ್ಲಿಂದ ಬಂತು, ಅಲ್ವಾ?

ಇಲ್ಲಿ ಎರಡು ತಪ್ಪು ಕೂಡಿಕೊಂಡಿವೆ. ಎರಡೂ ನೀವು ಹೋಲಿಸುತ್ತಿರುವ ಸಾಲಿನಲ್ಲಿಲ್ಲ.

ಮೊದಲನೆಯದು ಎಂಟರ್ ಕೀಲಿಯದು. ಟೈಪ್ ಮಾಡಿದ್ದನ್ನು ಓದುವ ಫಂಕ್ಷನ್ ಸ್ಕ್ಯಾನ್‌ಎಫ್, ಹೆಸರನ್ನು ಮಾತ್ರ ಎತ್ತಿಕೊಳ್ಳುತ್ತದೆ. ನೀವು ಒತ್ತಿದ ಎಂಟರ್ ಇನ್‌ಪುಟ್‌ನಲ್ಲೇ ಉಳಿದಿರುತ್ತದೆ. ಮುಂದಿನ ಸ್ಕ್ಯಾನ್‌ಎಫ್ ಒಂದು ಕ್ಯಾರೆಕ್ಟರ್ ಕೇಳಿದಾಗ ಅದಕ್ಕೆ ಸಿಗೋದು ಅದೇ. ಕಾಲೇಜಿನ ಮೊದಲ ವರ್ಷದಲ್ಲಿ ನಾನು ಒಂದು ಮಧ್ಯಾಹ್ನ ಪೂರ್ತಿ, ಅಕ್ಷರಗಳನ್ನು ಒಂದೊಂದಾಗಿ ಹೋಲಿಸುವ ಲೂಪನ್ನೇ ತಿದ್ದುತ್ತಾ ಕೂತಿದ್ದೆ. ಕೊನೆಗೆ ಓದಿಕೊಂಡ ಅಕ್ಷರವನ್ನು ಸಂಖ್ಯೆಯಾಗಿ ಪ್ರಿಂಟ್ ಮಾಡಿದೆ. 117 ಬರಬೇಕಿತ್ತು, ಅದು ಸಣ್ಣ 'ಯು'ವಿನ ಸಂಖ್ಯೆ. ಪರದೆ ಮೇಲೆ ಬಂದದ್ದು 10. ಅದು ಹೊಸ ಸಾಲಿನ ಗುರುತು. ನೀವೂ ಹಾಗೇ ಪ್ರಿಂಟ್ ಮಾಡಿ ನೋಡಿ. ಪರಿಹಾರ ತುಂಬಾ ಚಿಕ್ಕದು: ಎರಡನೇ ಸ್ಕ್ಯಾನ್‌ಎಫ್‌ನಲ್ಲಿ ಪರ್ಸೆಂಟ್ ಗುರುತಿಗಿಂತ ಮೊದಲು ಒಂದು ಸ್ಪೇಸ್ ಬಿಡಿ. ಖಾಲಿ ಜಾಗ, ಹೊಸ ಸಾಲು ಎಲ್ಲವನ್ನೂ ದಾಟಿ ಮುಂದಿನ ನಿಜವಾದ ಅಕ್ಷರವನ್ನು ಓದುತ್ತದೆ. ಹೆಸರಿನ ನಡುವೆ ಸ್ಪೇಸ್ ಇರಬಹುದಾದರೆ ಹೆಸರಿಗೆ ಸ್ಕ್ಯಾನ್‌ಎಫ್ ಬೇಡ, ಇಡೀ ಸಾಲನ್ನು ಓದುವ ಎಫ್‌ಗೆಟ್ಸ್ ಬಳಸಿ.

ಎರಡನೆಯದು ಲೂಪ್ ಎಲ್ಲಿ ನಿಲ್ಲಬೇಕು ಅನ್ನೋದು. ನೀವು 50 ಜಾಗದ ಅರೇ ಇಟ್ಟು, 50 ಸಲ ತಿರುಗಿಸಿದ್ದೀರಿ. ಮೈಸೂರಿನ ಆರು ಅಕ್ಷರ 0ಯಿಂದ 5ರವರೆಗೆ ಕೂರುತ್ತವೆ. 6ನೇ ಜಾಗದಲ್ಲಿ ಸೊನ್ನೆ ಬೆಲೆಯ ಒಂದು ಬೈಟ್ ಇರುತ್ತದೆ. ಸ್ಟ್ರಿಂಗ್ (ಅಕ್ಷರಗಳ ಸರಣಿ) ಮುಗಿಯಿತು ಅಂತ ಸಿ ಭಾಷೆಗೆ ಗೊತ್ತಾಗುವುದು ಅದೊಂದರಿಂದಲೇ. ಅದರಾಚೆಗಿನ 43 ಬೈಟ್‌ಗಳಲ್ಲಿ ನೀವು ಏನೂ ಇಟ್ಟಿಲ್ಲ, ಮೊದಲೇ ಏನಿತ್ತೋ ಅದೇ ಬಿದ್ದಿರುತ್ತದೆ. ಅಲ್ಲೆಲ್ಲೋ ಒಂದು 10 ಇದ್ದ ದಿನ ನಿಮ್ಮ ಪ್ರೋಗ್ರಾಂ '31ನೇ ಜಾಗ' ಅಂದಿದೆ. ಹಾಗಾಗಿ ಲೂಪ್ 50ನ್ನು ನೋಡಬಾರದು. ಆ ಸೊನ್ನೆ ಬೈಟ್ ಸಿಗುವವರೆಗೆ ಓಡಬೇಕು, ಸಿಕ್ಕ ಕೂಡಲೇ ನಿಲ್ಲಬೇಕು. ಒಂದು ಹಾಳೆ ಮೇಲೆ ಏಳು ಚೌಕ ಹಾಕಿ, ಒಂದೊಂದರಲ್ಲಿ ಒಂದೊಂದು ಅಕ್ಷರ, ಕೊನೆಯದರಲ್ಲಿ ಸೊನ್ನೆ ಬರೆದು, ಬೆರಳಿಟ್ಟು ನಡೆಸಿ ನೋಡಿ. 'ಯು' 3ರಲ್ಲೂ 5ರಲ್ಲೂ ಸಿಗಬೇಕು.

ಹೋಲಿಸುವಾಗ ಅಕ್ಷರಕ್ಕೆ ಒಂಟಿ ಉದ್ಧರಣ ಚಿಹ್ನೆಯೇ ಇರಲಿ. ಜೋಡಿ ಚಿಹ್ನೆ ಹಾಕಿದರೆ ಅದು ಸ್ಟ್ರಿಂಗ್ ಆಗುತ್ತದೆ. ಕಂಪೈಲರ್ ಎಚ್ಚರಿಕೆ ಕೊಟ್ಟರೆ ಓದದೇ ಬಿಡಬೇಡಿ.

ಇದಕ್ಕೆ ರೆಡಿಮೇಡ್ ಫಂಕ್ಷನ್ ಇಲ್ವಾ ಅಂತಲೂ ಕೇಳಿದ್ದೀರಿ. ಇದೆ. ಎಸ್-ಟಿ-ಆರ್-ಸಿ-ಎಚ್-ಆರ್ ಅಂತ ಬರೆಯುತ್ತಾರೆ, ಸ್ಟ್ರಿಂಗ್ ಹೆಡರ್ ಫೈಲ್‌ನಲ್ಲಿದೆ. ಸ್ಟ್ರಿಂಗ್ ಮತ್ತು ಅಕ್ಷರ ಕೊಟ್ಟರೆ, ಆ ಅಕ್ಷರ ಮೊದಲ ಸಲ ಬಂದ ಜಾಗದ ಪಾಯಿಂಟರ್, ಅಂದರೆ ಮೆಮೊರಿಯಲ್ಲಿನ ಅದರ ವಿಳಾಸ, ಕೊಡುತ್ತದೆ. ಸಂಖ್ಯೆ ಬೇಕಿದ್ದರೆ ಆ ಪಾಯಿಂಟರ್‌ನಿಂದ ಸ್ಟ್ರಿಂಗಿನ ಶುರುವನ್ನು ಕಳೆಯಿರಿ. ಅಕ್ಷರ ಇಲ್ಲದಿದ್ದರೆ ನಲ್ (ಎಲ್ಲಿಗೂ ತೋರಿಸದ ಪಾಯಿಂಟರ್) ಬರುತ್ತದೆ, ಆದ್ದರಿಂದ ಕಳೆಯುವ ಮುಂಚೆ ನಲ್ ಹೌದೋ ಅಲ್ಲವೋ ನೋಡಲೇಬೇಕು. ಎಲ್ಲ ಜಾಗಗಳೂ ಬೇಕಿದ್ದರೆ, ಸಿಕ್ಕ ಜಾಗದ ಮುಂದಿನ ಬೈಟ್‌ನಿಂದ ಮತ್ತೆ ಅದನ್ನೇ ಕರೆಯಿರಿ. ಹೆಸರಿನ ನಡುವೆ ಇನ್ನೊಂದು ಆರ್ ಸೇರಿದ ಎಸ್-ಟಿ-ಆರ್-ಆರ್-ಸಿ-ಎಚ್-ಆರ್ ಫಂಕ್ಷನ್ ಕೂಡ ಇದೆ, ಅದು ಕೊನೆಯ ಸಲ ಬಂದ ಜಾಗ ಕೊಡುತ್ತದೆ. ಆದರೂ ಕಲಿಯುವಾಗ ಲೂಪನ್ನು ಒಮ್ಮೆ ಕೈಯಾರೆ ಬರೆಯಿರಿ ಅಂತಲೇ ನಾನು ಹೇಳೋದು. ಆ ಸೊನ್ನೆ ಬೈಟ್ ಮನಸ್ಸಿನಲ್ಲಿ ಕೂರುವುದು ಆಗಲೇ.

ಮುಂದೆ ನೀವು ಕನ್ನಡದಲ್ಲೇ ಹೆಸರು ಕೊಟ್ಟು ನೋಡುತ್ತೀರಿ, ಆ ಆಸೆ ಎಲ್ಲರಿಗೂ ಬರುತ್ತೆ. ಆಗ ಎಸ್-ಟಿ-ಆರ್-ಸಿ-ಎಚ್-ಆರ್ ಕೈ ಕೊಡುತ್ತದೆ, ಯಾಕೆಂದರೆ ಅದು ಹುಡುಕೋದು ಒಂದೇ ಒಂದು ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ 'ಕ' ಒಂದಕ್ಕೇ 3 ಬೈಟ್ ಬೇಕು. 'ಕನ್ನಡ' ಅನ್ನೋ ಪದಕ್ಕೆ ಉದ್ದ ಕೇಳಿದರೆ 15 ಬರುತ್ತದೆ: ಕ, ನ, ಒತ್ತಕ್ಷರ ಮಾಡುವ ಹಲಂತ ಗುರುತು, ಮತ್ತೊಂದು ನ, ಡ, ಹೀಗೆ ಐದು, ಒಂದೊಂದಕ್ಕೆ 3. ಅದಕ್ಕೇ ಕನ್ನಡ ಅಕ್ಷರವನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಸ್ಟ್ರಿಂಗ್ ಆಗಿ ಬರೆದು, ಸ್ಟ್ರಿಂಗ್ ಒಳಗೆ ಸ್ಟ್ರಿಂಗ್ ಹುಡುಕುವ ಎಸ್-ಟಿ-ಆರ್-ಎಸ್-ಟಿ-ಆರ್ ಬಳಸಿ. 'ಕನ್ನಡ'ದಲ್ಲಿ 'ನ' ಹುಡುಕಿ, ಸಿಕ್ಕ ಪಾಯಿಂಟರ್‌ನಿಂದ ಶುರುವನ್ನು ಕಳೆದರೆ 3 ಬರುತ್ತದೆ. ಅದು ಬೈಟ್ ಲೆಕ್ಕ, ಅಕ್ಷರದ ಲೆಕ್ಕವಲ್ಲ.