ಸಾವಿರ ದಾಸಿಯರು, ಒಂದು ಪುಟ್ಟ ಗುಡಿ

ಪ್ರಶ್ನೆ: 'ಅಸ್ಯಾಸಿನ್ಸ್ ಕ್ರೀಡ್ ಒಡಿಸ್ಸಿ' ವಿಡಿಯೊ ಆಟದಲ್ಲಿ ಗ್ರೀಸಿನ ಕೊರಿಂತ್ ಪಟ್ಟಣದ ಬೆಟ್ಟದ ತುದಿಗೆ ಪ್ರೇಮದೇವತೆ ಆಫ್ರೊಡೈಟಿಯ ಭವ್ಯ ದೇವಾಲಯವಿದೆ. ಅಲ್ಲಿ ಸಾವಿರ ದಾಸಿಯರಿದ್ದರಂತೆ. ಇದೆಲ್ಲ ನಿಜವೇ ಮೇಡಂ?

ಉತ್ತರ: ಗುಡಿ ಇದ್ದದ್ದು ನಿಜ, ಬೆಟ್ಟವೂ ಅದೇ. ಉಳಿದದ್ದರ ಬಗ್ಗೆ ನನ್ನದು ಸ್ವಲ್ಪ ತಕರಾರಿದೆ.

ಆಟದ ನಾಯಕಿ ಕಸಾಂಡ್ರಾಳನ್ನು ಆ ಬಂಡೆ ಹತ್ತಿಸಿ ಹತ್ತಿಸಿ ಹೆಬ್ಬೆರಳು ನೋಯಿಸಿಕೊಂಡವಳು ನಾನು. ಆಮೇಲೊಮ್ಮೆ ಅಕ್ರೊಕೊರಿಂತ್ ಬೆಟ್ಟವನ್ನೇ ಹತ್ತಿದೆ. 575 ಮೀಟರ್ ಎತ್ತರ, ಕಾಲಿಟ್ಟಲ್ಲಿ ಜಾರುವ ಕಲ್ಲು. ಏದುಸಿರು ಬಿಡುತ್ತ ತುದಿ ಮುಟ್ಟಿದರೆ ಕಂಬವೂ ಇಲ್ಲ, ವಿಗ್ರಹವೂ ಇಲ್ಲ. ಒಂದಷ್ಟು ಅಡಿಪಾಯದ ಕಲ್ಲು, ಕಿವಿಗೆ ರಪ್ಪನೆ ಬಡಿಯುವ ಗಾಳಿ, ದೂರದಲ್ಲಿ ನೀಲಿ ಸಮುದ್ರ. ಅದೇ ಜಾಗದಲ್ಲಿ ಮುಂದೆ ಚರ್ಚು ಎದ್ದಿತು, ಮಸೀದಿ ಎದ್ದಿತು, ಅವೂ ಬಿದ್ದವು. 1926ರಲ್ಲಿ ಅಮೆರಿಕದ ಪುರಾತತ್ವಜ್ಞ ಕಾರ್ಲ್ ಬ್ಲೆಗೆನ್ ಅಲ್ಲಿ ಅಗೆಸಿದರು. ಸಿಕ್ಕ ಕುರುಹುಗಳ ಲೆಕ್ಕದಲ್ಲಿ ಗುಡಿ ಸುಮಾರು 10 ಮೀಟರ್ ಅಗಲ, 16 ಮೀಟರ್ ಉದ್ದ. ಅಷ್ಟರೊಳಗೆ ಸಾವಿರ ಜನ ನಿಲ್ಲುವುದೂ ಕಷ್ಟ!

ಸಾವಿರದ ಮಾತು ಬಂದದ್ದು ಸ್ಟ್ರಾಬೋ ಎಂಬ ಭೂಗೋಳಕಾರನಿಂದ. ಕ್ರಿ.ಪೂ. 146ರಲ್ಲಿ ರೋಮನ್ನರು ಕೊರಿಂತ್ ಅನ್ನು ಹಾಳುಗೆಡವಿದ್ದರು; ಈತ ಬರೆದದ್ದು ಅದಾದ ನೂರಕ್ಕೂ ಹೆಚ್ಚು ವರ್ಷಗಳ ಮೇಲೆ. ಆಟದ ಕಥೆ ನಡೆಯುವುದು ಕ್ರಿ.ಪೂ. 431ರ ಸುಮಾರಿಗೆ, ಅಂದರೆ ಅವನಿಗೂ ನಾಲ್ಕು ಶತಮಾನ ಹಿಂದಿನ ಸಂಗತಿ. ತಮಾಷೆಯೆಂದರೆ, ಬೆಟ್ಟದ ಮೇಲಿರುವುದು ಪುಟ್ಟ ಗುಡಿ ಎಂದು ಬರೆದವನೂ ಅವನೇ. ಹಾಗಾಗಿ ಇಂದಿನ ಹಲವು ವಿದ್ವಾಂಸರು ಆ ಸಾವಿರವನ್ನು ನಂಬುವುದಿಲ್ಲ. ಹಾಗೆಂದು ಆಟದಲ್ಲಿ ಬರುವ ಹೆಟೈರಾಗಳು, ಅಂದರೆ ಗ್ರೀಕ್ ಗಣಿಕೆಯರು, ಬರೀ ಕಲ್ಪನೆಯಲ್ಲ. ಕ್ರಿ.ಪೂ. 464ರಲ್ಲಿ ಒಲಿಂಪಿಕ್ಸ್ ಗೆದ್ದ ಕೊರಿಂತ್‌ನ ಕ್ಸೆನೊಫೋನ್ ಎಂಬವನು ಹರಕೆ ತೀರಿಸಲು ಅಂಥ ಹೆಣ್ಣುಗಳನ್ನು ದೇವಿಗೆ ಒಪ್ಪಿಸಿದ. ಆ ಸಂದರ್ಭಕ್ಕೆ ಕವಿ ಪಿಂಡಾರ್ ಹಾಡು ಕಟ್ಟಿದ. (ಇತಿಹಾಸಕಾರ ಕ್ಸೆನೊಫೋನ್ ಬೇರೆ, ಗೊಂದಲ ಬೇಡ.)

ನನಗೆ ಹೆಚ್ಚು ಇಷ್ಟವಾದದ್ದು ಕ್ರಿ.ಶ. ಎರಡನೇ ಶತಮಾನದ ಪ್ರವಾಸಿ ಪೌಸೇನಿಯಸ್ ಅಲ್ಲಿ ಕಂಡ ವಿಗ್ರಹ. ಪ್ರೇಮದೇವತೆ ಆಯುಧ ತೊಟ್ಟು ನಿಂತಿದ್ದಳಂತೆ, ಜೊತೆಗೆ ಸೂರ್ಯದೇವ ಹೀಲಿಯೋಸ್ ಮತ್ತು ಬಿಲ್ಲು ಹಿಡಿದ ಕಾಮದೇವ ಈರೋಸ್.

ಇನ್ನೊಮ್ಮೆ ಆಡುವಾಗ ಕತ್ತಿ ಒರೆಗೆ ಹಾಕಿ, ಅಲ್ಲೇ ಸ್ವಲ್ಪ ಹೊತ್ತು ನಿಂತು ಬಣ್ಣ ನೋಡಿ. ಗ್ರೀಕರು ಅಮೃತಶಿಲೆಯನ್ನು ಬಿಳಿಯಾಗಿ ಬಿಡದೆ ಕೆಂಪು, ನೀಲಿ ಬಳಿಯುತ್ತಿದ್ದರು. ಆ ವಿಷಯದಲ್ಲಿ ಆಟದವರಿಗೆ ನನ್ನಿಂದ ಪೂರ್ಣ ಅಂಕ.