ಫುಟ್‌ಬಾಲ್ ಮ್ಯಾನೇಜರ್ ಎಂಬ, ಕ್ಲಬ್ಬನ್ನು ನಡೆಸುವ ಕಂಪ್ಯೂಟರ್ ಆಟದಲ್ಲಿ ನನ್ನ ಕ್ಲಬ್ ನಾಲ್ಕು ಸೀಸನ್‌ಗಳಿಂದ ಹತ್ತನೇ ಸ್ಥಾನದ ಆಸುಪಾಸಿನಲ್ಲೇ ನಿಂತಿದೆ. ದೊಡ್ಡ ಸ್ಟ್ರೈಕರ್‌ನನ್ನು ಖರೀದಿಸಲೇ, ತಂತ್ರ ಬದಲಿಸಿ ಮುನ್ನುಗ್ಗಿ ಒತ್ತಡ ಹಾಕುವ ಆಟಕ್ಕೆ ಹೋಗಲೇ?

ನಾಲ್ಕು ಸೀಸನ್, ಒಂಬತ್ತರಿಂದ ಹನ್ನೆರಡರ ನಡುವಿನ ಸ್ಥಾನ, ಕೈಯಲ್ಲಿ 6 ಕೋಟಿ ಪೌಂಡ್, ಕಣ್ಣು ಒಬ್ಬ ಹೆಸರಾಂತ ಸ್ಟ್ರೈಕರ್ ಮೇಲೆ. ನಿಮ್ಮ ಪ್ರಶ್ನೆಯನ್ನು ಓದುತ್ತಿದ್ದಂತೆ ರಾತ್ರಿ ಒಂದು ಗಂಟೆಗೆ ಲ್ಯಾಪ್‌ಟಾಪ್ ಮುಂದೆ ಕುಳಿತು ಇದೇ ಲೆಕ್ಕ ಹಾಕುತ್ತಿದ್ದ ದಿನಗಳು ನನಗೆ ನೆನಪಾದವು. ನಾನು ಅಂಥ ಸ್ಟ್ರೈಕರ್‌ನನ್ನು ಖರೀದಿಸಿಯೇ ಬಿಟ್ಟೆ. ಆಟದ ಕಾಲಮಾನದಲ್ಲಿ ಎಂಟು ತಿಂಗಳು ತುಂಬುವುದರೊಳಗೆ ಆಡಳಿತ ಮಂಡಳಿ ನನ್ನನ್ನು ವಜಾ ಮಾಡಿತು. ಅದರಲ್ಲಿ ಮಂಡಳಿಯ ತಪ್ಪೇನೂ ಇರಲಿಲ್ಲ. ಆದರೆ ನನ್ನನ್ನು ಮುಳುಗಿಸಿದ್ದು ಆ ಖರೀದಿಗಿಂತ ಹೆಚ್ಚಾಗಿ ಅದಕ್ಕೂ ಒಂದು ವರ್ಷ ಮೊದಲು ನಾನು ಒಪ್ಪಂದದ ಕಾಗದದಲ್ಲಿ ಬಿಟ್ಟ ಒಂದೇ ಒಂದು ಸಾಲು. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಆ ಸಾಲು ನಿಮ್ಮ ಕ್ಲಬ್ಬಿನ ಒಪ್ಪಂದಗಳಲ್ಲೂ ಈಗಾಗಲೇ ಇರುವ ಸಾಧ್ಯತೆ ಬಹಳ ಇದೆ.

ನಾನು ಈ ಆಟಕ್ಕೆ ಬಂದದ್ದು 2020ರ ಮಾರ್ಚ್‌ನಲ್ಲಿ, ಎಲ್ಲರೂ ಮನೆಯೊಳಗೆ ಕೂರಬೇಕಾಗಿ ಬಂದಾಗ, ಆಟವನ್ನು ತಯಾರಿಸುವ ಸ್ಪೋರ್ಟ್ಸ್ ಇಂಟರಾಕ್ಟಿವ್ ಸಂಸ್ಥೆ ಅದನ್ನು ಕೆಲವು ದಿನ ಉಚಿತವಾಗಿ ಆಡಲು ಬಿಟ್ಟಿದ್ದ ಸಮಯದಲ್ಲಿ. 2024ರ ಆವೃತ್ತಿ ಬರುವ ಹೊತ್ತಿಗೆ ದೊಡ್ಡ ಕ್ಲಬ್‌ಗಳನ್ನು ಗೆಲ್ಲಿಸುವುದರಲ್ಲಿ ನನಗೆ ಆಸಕ್ತಿ ಉಳಿದಿರಲಿಲ್ಲ, ಹಾಗಾಗಿ ದಕ್ಷಿಣ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಕ್ಲಬ್ಬನ್ನು ಆರಿಸಿಕೊಂಡೆ. 2013ರಲ್ಲಿ ಇಂಗ್ಲೆಂಡಿನ ಅತ್ಯುನ್ನತ ದರ್ಜೆಯಾದ ಪ್ರೀಮಿಯರ್ ಲೀಗಿಗೆ ಮರಳಿದ ಈ ಕ್ಲಬ್ 2025ರವರೆಗಿನ ಹನ್ನೆರಡು ಸೀಸನ್‌ಗಳಲ್ಲಿ ಒಮ್ಮೆಯೂ ಹತ್ತನೇ ಸ್ಥಾನಕ್ಕಿಂತ ಮೇಲೆ ಏರಿಲ್ಲ, ಒಮ್ಮೆಯೂ ಹದಿನೈದಕ್ಕಿಂತ ಕೆಳಗೆ ಇಳಿದಿಲ್ಲ. ಇಪ್ಪತ್ತು ತಂಡಗಳ ಅಂಕಪಟ್ಟಿಯಲ್ಲಿ ನಡುಮಧ್ಯ ಎಂದರೆ ಏನೆಂದು ತಿಳಿಯಬೇಕಾದರೆ ಈ ಕ್ಲಬ್ಬನ್ನೇ ನೋಡಬೇಕು. ಇದರ ಸೆಲ್‌ಹರ್ಸ್ಟ್ ಪಾರ್ಕ್ ಮೈದಾನದಲ್ಲಿ ಸುಮಾರು 25,000 ಜನ ಕೂರಬಹುದು; ಮ್ಯಾಂಚೆಸ್ಟರ್ ಯುನೈಟೆಡ್‌ನ ಓಲ್ಡ್ ಟ್ರಾಫರ್ಡ್‌ನಲ್ಲಿ 74,000. ಟಿಕೆಟ್ ಹಣದ ಈ ಅಂತರವೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದರೂ ನಾನು ಮುಂದಿನ ತಪ್ಪನ್ನು ಮಾಡುತ್ತಿರಲಿಲ್ಲವೇನೋ.

ಮೊದಲ ಸೀಸನ್ ಹನ್ನೊಂದನೇ ಸ್ಥಾನ, ಎರಡನೆಯದು ಒಂಬತ್ತನೇ ಸ್ಥಾನ. ಎರಡನೇ ಸೀಸನ್ ಮುಗಿದ ಬೇಸಿಗೆಯಲ್ಲಿ ನನ್ನ ಅತ್ಯುತ್ತಮ ಮಿಡ್‌ಫೀಲ್ಡರ್ ಮೇಲೆ ದೊಡ್ಡ ಕ್ಲಬ್‌ಗಳ ಕಣ್ಣು ಬಿದ್ದಿತು. ಅವನ ಒಪ್ಪಂದದಲ್ಲಿ ಎರಡು ವರ್ಷ ಉಳಿದಿತ್ತು. ಏಜೆಂಟ್ ಕೇಳಿದ್ದು ವಾರಕ್ಕೆ 1,15,000 ಪೌಂಡ್. ನಾನು ಕೊಡಲು ಸಿದ್ಧನಿದ್ದದ್ದು 95,000. ಮಾತುಕತೆಯ ಪರದೆ ನಿಮಗೆ ಗೊತ್ತೇ ಇದೆ: ಮೇಲೆ ವೇತನ, ಅದರ ಕೆಳಗೆ ಬೋನಸ್‌ಗಳು, ಎಲ್ಲಕ್ಕಿಂತ ಕೆಳಗೆ ಷರತ್ತುಗಳು, ಪ್ರತಿಯೊಂದು ಸಾಲಿನ ಪಕ್ಕದಲ್ಲೂ ಒಂದು ಪುಟ್ಟ ಬೀಗದ ಚಿತ್ರ; ಬೀಗ ಹಾಕಿದ ಸಾಲನ್ನು ಏಜೆಂಟ್ ಬದಲಿಸುವಂತಿಲ್ಲ. ನಾನು 95,000ದ ಸಾಲಿಗೆ ಬೀಗ ಹಾಕಿದೆ. ಏಜೆಂಟ್ ಒಪ್ಪಿದ. ಆದರೆ ಕೆಳಗಿನ ಷರತ್ತುಗಳಲ್ಲಿ ಅವನು ಸೇರಿಸಿದ್ದ ಒಂದು ಸಾಲನ್ನು ನಾನು ಅಳಿಸದೆ ಬಿಟ್ಟೆ. ಕ್ಲಬ್ಬಿನಲ್ಲಿ ಅತಿ ಹೆಚ್ಚು ವೇತನ ಪಡೆಯುವ ಆಟಗಾರನಿಗೆ ಎಷ್ಟು ಸಿಗುತ್ತದೆಯೋ ಅಷ್ಟೇ ಇವನಿಗೂ ಸಿಗಬೇಕು ಎಂಬುದು ಅದರ ತಾತ್ಪರ್ಯ.

ನಾನು ಅದನ್ನು ಓದದೆ ಬಿಡಲಿಲ್ಲ, ಓದಿಯೇ ಬಿಟ್ಟೆ. ಕ್ಲಬ್ಬಿನಲ್ಲಿ ಅತಿ ಹೆಚ್ಚು ವೇತನ ಪಡೆಯುವವನು ಇನ್ನು ಮುಂದೆ ಅವನೇ ಆಗಿದ್ದರಿಂದ ಆ ಷರತ್ತಿನಿಂದ ಅಂದು ಒಂದು ಪೌಂಡ್ ಕೂಡ ಖರ್ಚಾಗುವಂತಿರಲಿಲ್ಲ. ವಾರಕ್ಕೆ 20,000 ಉಳಿಸಿದೆ, ಬದಲಿಗೆ ಏನೂ ಕೊಡಲಿಲ್ಲ ಎಂದು ನಾನು ನಿಜಕ್ಕೂ ನಂಬಿದ್ದೆ. ತಿಂಗಳೊಳಗೆ ನನ್ನ ಮುಖ್ಯ ಡಿಫೆಂಡರ್ ಮತ್ತು 31 ವರ್ಷದ ಗೋಲ್‌ಕೀಪರ್ ಇಬ್ಬರೂ ಮಿಡ್‌ಫೀಲ್ಡರನಷ್ಟೇ ವೇತನ ಬೇಕೆಂದು ಬಂದರು. ಅವರಿಗೂ 95,000, ಅವರಿಗೂ ಅದೇ ಷರತ್ತು. ಮೂವರೂ ಒಂದೇ ಮಟ್ಟದಲ್ಲಿ ಇದ್ದುದರಿಂದ ಷರತ್ತು ಇದ್ದೂ ಇಲ್ಲದಂತಿತ್ತು. ಆ ಸೀಸನ್‌ನಲ್ಲಿ ನಾವು ಏಳನೇ ಸ್ಥಾನಕ್ಕೆ ಏರಿ ಯುರೋಪಿನ ಮೂರನೇ ಹಂತದ ಕ್ಲಬ್ ಟೂರ್ನಿಯಾದ ಕಾನ್ಫರೆನ್ಸ್ ಲೀಗಿಗೆ ಅರ್ಹತೆ ಪಡೆದೆವು. ನನಗೆ ಎಲ್ಲವೂ ಸರಿಯಾದ ದಾರಿಯಲ್ಲಿದೆ ಎನಿಸಿತು.

ಮುಂದಿನ ಜುಲೈನಲ್ಲಿ ಸ್ಟ್ರೈಕರ್ ಬಂದ. ಅವನ ವೇತನ ವಾರಕ್ಕೆ 1,60,000 ಪೌಂಡ್. ಮಂಡಳಿ ಕೊಟ್ಟ ವೇತನದ ಮಿತಿಯಲ್ಲಿ ಅದಕ್ಕೆ ಸರಿಯಾಗಿ ಜಾಗ ಮಾಡಿಟ್ಟಿದ್ದೆ. ಅವನು ಸಹಿ ಹಾಕಿದ ನಂತರ ಹಣಕಾಸಿನ ಪುಟ ತೆರೆದು ನೋಡಿದರೆ ಮಿತಿಯ ಅಂಕಿ ಕೆಂಪಾಗಿತ್ತು. ಮೊದಲು ನನಗೆ ಅರ್ಥವಾಗಲಿಲ್ಲ. ಆಟಗಾರರ ಪಟ್ಟಿಯನ್ನು ವೇತನದ ಪ್ರಕಾರ ಜೋಡಿಸಿದಾಗ ಮೇಲಿನ ನಾಲ್ಕು ಸಾಲುಗಳಲ್ಲಿ 1,60,000, 1,60,000, 1,60,000, 1,60,000 ಎಂದು ಕಂಡಿತು. ಮೂವರಿಗೂ ತಲಾ 65,000 ಏರಿತ್ತು, ಒಟ್ಟು ವಾರಕ್ಕೆ 1,95,000, ವರ್ಷಕ್ಕೆ ಒಂದು ಕೋಟಿ ಪೌಂಡ್‌ಗೂ ಹೆಚ್ಚು. ನಾನು 1,60,000ಕ್ಕೆ ಕೊಂಡಿದ್ದೇನೆ ಎಂದುಕೊಂಡಿದ್ದ ಸ್ಟ್ರೈಕರ್ ವಾಸ್ತವದಲ್ಲಿ ವಾರಕ್ಕೆ 3,55,000 ಪೌಂಡ್ ತಿನ್ನುತ್ತಿದ್ದ. ಅದಕ್ಕಿಂತ ಸಂಕಟದ ಮಾತೆಂದರೆ, ಹೆಚ್ಚುವರಿ ಹಣ ಪಡೆದ ಆ ಮೂವರು ಹಿಂದಿನ ದಿನಕ್ಕಿಂತ ಒಂದಿಷ್ಟೂ ಉತ್ತಮ ಆಟಗಾರರಾಗಿರಲಿಲ್ಲ.

ಆಮೇಲೆ ಆದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಖಾಯಂ ಆಡುವ ಹನ್ನೊಂದರಲ್ಲಿದ್ದು 45,000, 50,000 ಪಡೆಯುತ್ತಿದ್ದ ಆಟಗಾರರು ಒಬ್ಬೊಬ್ಬರಾಗಿ ಬಂದು ಹೊಸ ಒಪ್ಪಂದ ಕೇಳಿದರು. ಕೊಡಲು ಹಣವಿರಲಿಲ್ಲ. ನಾಯಕನೇ ಅತೃಪ್ತನಾದ ಮೇಲೆ ಅವನ ಗುಂಪಿನವರೂ ಅತೃಪ್ತರಾದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು ಡ್ರೆಸ್ಸಿಂಗ್ ರೂಮಿನ ಸ್ಥಿತಿ. ಗುರುವಾರ ಯುರೋಪಿನ ಪಂದ್ಯ, ಭಾನುವಾರ ಲೀಗ್ ಪಂದ್ಯ, ನಡುವೆ ಲೆಫ್ಟ್ ಬ್ಯಾಕ್‌ಗೆ ಗಾಯ, ಜನವರಿಯಲ್ಲಿ ಬದಲಿ ಆಟಗಾರನನ್ನು ತರಲು ಮಂಡಳಿಯ ಅನುಮತಿ ಇಲ್ಲ. ಗೋಲ್‌ಕೀಪರ್‌ನನ್ನು ಮಾರಲು ಹೋದರೆ 32 ವರ್ಷದವನಿಗೆ ವಾರಕ್ಕೆ 1,60,000 ಕೊಡುವ ಕ್ಲಬ್ ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ. ಮಿಡ್‌ಫೀಲ್ಡರ್‌ಗೆ ಬೆಲೆ ಕೊಡಲು ಒಪ್ಪಿದವರು ಅವನ ವೇತನವನ್ನು ಕೇಳಿ ಹಿಂದೆ ಸರಿದರು. ಮಾರ್ಚ್‌ನಲ್ಲಿ ಹದಿನೇಳನೇ ಸ್ಥಾನದಲ್ಲಿದ್ದಾಗ ವಜಾ ಪತ್ರ ಇನ್‌ಬಾಕ್ಸಿಗೆ ಬಂತು. ಇಡೀ ಅವಧಿಯಲ್ಲಿ ನಾನು ತಂತ್ರವನ್ನು ಆರು ಬಾರಿ ಬದಲಿಸಿದ್ದೆ. ಆರರಲ್ಲಿ ಒಂದೂ ನೆರವಿಗೆ ಬರಲಿಲ್ಲ, ಬರುವುದು ಸಾಧ್ಯವೂ ಇರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯ ಎರಡೂ ಆಯ್ಕೆಗಳನ್ನು ನಾನು ಒಪ್ಪುವುದಿಲ್ಲ. ಹತ್ತನೇ ಸ್ಥಾನವನ್ನು ನೀವು ಒಂದು ಕಾಯಿಲೆಯಂತೆ ಕಾಣುತ್ತಿದ್ದೀರಿ, ಅದಕ್ಕೆ ಒಂದು ಔಷಧಿ ಕೇಳುತ್ತಿದ್ದೀರಿ. ನಿಮ್ಮ ಕ್ಲಬ್ಬಿನ ಆದಾಯಕ್ಕೆ ಹತ್ತನೇ ಸ್ಥಾನ ಸಹಜವಾದ ಜಾಗ. ಅಲ್ಲಿಂದ ಮೇಲೆ ಹೋಗಬೇಕಾದರೆ ಮೇಲಿನವರ ಹಾಗೆ ಖರ್ಚು ಮಾಡುವುದರಿಂದ ಆಗುವುದಿಲ್ಲ, ಏಕೆಂದರೆ ಆ ಪೈಪೋಟಿಯಲ್ಲಿ ಅವರು ಯಾವಾಗಲೂ ನಿಮಗಿಂತ ಹೆಚ್ಚು ಕೊಡಬಲ್ಲರು. ಅವರಿಗೆ ಬೇಕಾಗುವ ಆಟಗಾರನನ್ನು ಅವರಿಗಿಂತ ಮೂರು ವರ್ಷ ಮೊದಲು ಗುರುತಿಸಿ ತರಬೇಕು, ಒಳ್ಳೆಯ ಬೆಲೆ ಬಂದಾಗ ಅಳುಕದೆ ಮಾರಬೇಕು.

ಇದಕ್ಕೆ ನಿಜವಾದ ಪ್ಯಾಲೆಸ್ ಕ್ಲಬ್ಬೇ ಸಾಕ್ಷಿ. ಮೈಕೆಲ್ ಒಲಿಸೆಯನ್ನು ಅವರು 2021ರಲ್ಲಿ ಎರಡನೇ ದರ್ಜೆಯಲ್ಲಿದ್ದ ರೆಡಿಂಗ್ ಕ್ಲಬ್ಬಿನಿಂದ ಸುಮಾರು 80 ಲಕ್ಷ ಪೌಂಡ್‌ಗೆ ತಂದರು, 2024ರಲ್ಲಿ ಬಯರ್ನ್ ಮ್ಯೂನಿಕ್‌ಗೆ ಅದರ ಹಲವು ಪಟ್ಟು ಬೆಲೆಗೆ ಮಾರಿದರು. ತಂಡದ ಅತ್ಯಂತ ಪ್ರತಿಭಾವಂತನನ್ನು ಮಾರಿದ ಮರುಸೀಸನ್‌ನಲ್ಲೇ, 2025ರ ಮೇ 17ರಂದು, ವೆಂಬ್ಲಿಯಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು 1-0 ಗೋಲಿನಿಂದ ಸೋಲಿಸಿ ಇಂಗ್ಲೆಂಡಿನ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್ ಗೆದ್ದರು. ಕ್ಲಬ್ಬಿನ ಇತಿಹಾಸದಲ್ಲೇ ಅದು ಮೊದಲ ದೊಡ್ಡ ಪ್ರಶಸ್ತಿ. ಆ ಗೋಲು ಹೊಡೆದ ಎಬೆರೆಚಿ ಎಝೆ 2020ರಲ್ಲಿ ಕ್ವೀನ್ಸ್ ಪಾರ್ಕ್ ರೇಂಜರ್ಸ್‌ನಿಂದ ಬಂದವನು, ಮಿಡ್‌ಫೀಲ್ಡರ್ ಆಡಂ ವಾರ್ಟನ್ 2024ರಲ್ಲಿ ಬ್ಲ್ಯಾಕ್‌ಬರ್ನ್‌ನಿಂದ ಬಂದವನು. ಇಬ್ಬರೂ ಎರಡನೇ ದರ್ಜೆಯಿಂದ ಬಂದ ಯುವಕರು. ಬ್ರೈಟನ್ ಕ್ಲಬ್ ಕೂಡ ಮೊಯಿಸೆಸ್ ಕೈಸೆಡೊನನ್ನು 2021ರಲ್ಲಿ ಈಕ್ವೆಡಾರ್‌ನಿಂದ ಅಗ್ಗಕ್ಕೆ ತಂದು, 2023ರಲ್ಲಿ ಆರನೇ ಸ್ಥಾನಕ್ಕೆ ಏರಿ, ಅದೇ ಬೇಸಿಗೆಯಲ್ಲಿ ಅವನನ್ನು ಚೆಲ್ಸಿಗೆ 10 ಕೋಟಿ ಪೌಂಡ್‌ಗೂ ಹೆಚ್ಚಿಗೆ ಮಾರಿತು. ಲೆಸ್ಟರ್ ಸಿಟಿ 2015ರಲ್ಲಿ ಹದಿನಾಲ್ಕನೇ ಸ್ಥಾನದಲ್ಲಿದ್ದು 2016ರಲ್ಲಿ ಚಾಂಪಿಯನ್ ಆಗಲಿಲ್ಲವೇ ಎಂದು ನೀವು ಕೇಳಬಹುದು. ಆಯಿತು, ಆದರೆ ಆ ತಂಡದ ಜೇಮಿ ವಾರ್ಡಿ, ರಿಯಾದ್ ಮಹ್ರೇಝ್, ಎನ್‌ಗೋಲೊ ಕಾಂಟೆ ಮೂವರೂ ದೊಡ್ಡ ಹೆಸರಾಗುವ ಮೊದಲೇ ಕಡಿಮೆ ಬೆಲೆಗೆ ಸಿಕ್ಕವರು.

ವಜಾ ಆದ ಮೇಲೆ ನಾನು ಅದೇ ಕ್ಲಬ್ಬಿನೊಂದಿಗೆ ಹೊಸದಾಗಿ ಆಟ ಆರಂಭಿಸಿದೆ. ಈ ಸಲ ಒಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮೂರು ಅಂಕಿಗಳನ್ನು ಬರೆದಿಟ್ಟೆ: ತಾರಾ ಆಟಗಾರನಿಗೆ ವಾರಕ್ಕೆ 90,000, ಖಾಯಂ ಆಡುವವನಿಗೆ 55,000, ಬದಲಿ ಆಟಗಾರನಿಗೆ 30,000. ಇದನ್ನು ಮೀರಿ ಕೇಳುವವನು ಎಷ್ಟೇ ಒಳ್ಳೆಯ ಆಟಗಾರನಾಗಿರಲಿ, ಅವನ ಒಪ್ಪಂದದಲ್ಲಿ ಎರಡು ವರ್ಷ ಉಳಿದಿರುವಾಗಲೇ ಮಾರುತ್ತೇನೆ, ಏಕೆಂದರೆ ಕೊನೆಯ ವರ್ಷಕ್ಕೆ ಬಂದರೆ ಬೆಲೆ ಬಿದ್ದುಹೋಗುತ್ತದೆ. ಆ ಸಮಾನ ವೇತನದ ಷರತ್ತನ್ನು ಕಂಡಕೂಡಲೇ ಅಳಿಸುತ್ತೇನೆ. ಏಜೆಂಟ್ ಹಟ ಹಿಡಿದರೆ ಬದಲಿಗೆ ಪಂದ್ಯಕ್ಕಿಷ್ಟು ಎಂಬ ಬೋನಸ್ ಹೆಚ್ಚಿಸುತ್ತೇನೆ, ಅದಕ್ಕೂ ಬಗ್ಗದಿದ್ದರೆ ಬಿಡುಗಡೆ ಮೊತ್ತದ ಷರತ್ತನ್ನೇ, ಅಂದರೆ ಇಂತಿಷ್ಟು ಹಣ ಕೊಡುವ ಕ್ಲಬ್ಬಿಗೆ ಆಟಗಾರನನ್ನು ಬಿಟ್ಟುಕೊಡಲೇಬೇಕು ಎಂಬುದನ್ನು, ಕೊಡುತ್ತೇನೆ. ಬಿಡುಗಡೆ ಮೊತ್ತ ಎಂದರೆ ಎಲ್ಲರೂ ಹೆದರುತ್ತಾರೆ. ನನ್ನ ಅಭಿಪ್ರಾಯದಲ್ಲಿ ನಡುಮಧ್ಯದ ಕ್ಲಬ್ಬಿಗೆ ಅದು ಅಷ್ಟು ಕೆಟ್ಟದ್ದಲ್ಲ, ಏಕೆಂದರೆ ಆಟಗಾರ ಹೋದರೂ ಎಷ್ಟು ಹಣ ಬರುತ್ತದೆ ಎಂಬುದು ಮೊದಲೇ ಗೊತ್ತಿರುತ್ತದೆ. ಕ್ಲಬ್ ಕೆಳದರ್ಜೆಗೆ ಇಳಿದರೆ ವೇತನ ಇಂತಿಷ್ಟು ಶೇಕಡಾ ತಗ್ಗಬೇಕು ಎಂಬ ಷರತ್ತನ್ನಂತೂ ಪ್ರತಿಯೊಬ್ಬನ ಒಪ್ಪಂದಕ್ಕೂ ಸೇರಿಸುತ್ತೇನೆ.

ಖರೀದಿಗೆ ನಾನು ಮೊದಲು ನೋಡುವುದು ಇಂಗ್ಲೆಂಡಿನ ಎರಡನೇ ದರ್ಜೆಯನ್ನು. ಪ್ರೀಮಿಯರ್ ಲೀಗಿನ 25 ಜನರ ಪಟ್ಟಿಯಲ್ಲಿ ಸ್ವದೇಶದಲ್ಲಿ ತರಬೇತಿ ಪಡೆಯದವರು 17ಕ್ಕಿಂತ ಹೆಚ್ಚಿರುವಂತಿಲ್ಲ. 21 ವರ್ಷದೊಳಗಿನವರನ್ನು ಪಟ್ಟಿಗೆ ಸೇರಿಸಬೇಕಾಗಿಯೇ ಇಲ್ಲ. ಅಲ್ಲಿನ ಹತ್ತೊಂಬತ್ತರ ಇಂಗ್ಲಿಷ್ ಹುಡುಗ ಈ ಎರಡೂ ತೊಡಕುಗಳನ್ನು ಒಟ್ಟಿಗೇ ಪರಿಹರಿಸುತ್ತಾನೆ, ಅವನಿಗೆ, ವಿದೇಶಿ ಆಟಗಾರರಿಗೆ ಬೇಕಾಗುವ ಕೆಲಸದ ಪರವಾನಗಿಯ ಅಂಕ ಲೆಕ್ಕ ಹಾಕುವ ಪ್ರಮೇಯವೂ ಬರುವುದಿಲ್ಲ.

ತಂತ್ರದ ಬಗ್ಗೆ ಒಂದೇ ಮಾತು. ಮುನ್ನುಗ್ಗಿ ಒತ್ತಡ ಹಾಕುವ ಆಟಕ್ಕೆ ಬದಲಾಗಬೇಕೇ ಎಂದು ಕೇಳಿದ್ದೀರಿ. ಅದಕ್ಕೆ ಕಸುವು, ಓಡುವ ಮನಸ್ಸು ಎರಡೂ ಇರುವ ಹದಿನೆಂಟು ಜನ ಬೇಕು. ಹನ್ನೊಂದೇ ಜನ ಇದ್ದರೆ ಡಿಸೆಂಬರ್‌ನ ಸಾಲು ಪಂದ್ಯಗಳಲ್ಲಿ ಅರ್ಧ ತಂಡ ಗಾಯಗೊಂಡು ಕೂರುತ್ತದೆ. ನನ್ನ ಎರಡನೇ ಆಟದಲ್ಲಿ ಆಟಗಾರರನ್ನು ನಿಲ್ಲಿಸುವ ಕ್ರಮಗಳಲ್ಲಿ ಮನೆಯಂಗಳದಲ್ಲಿ 4-2-3-1, ದೊಡ್ಡ ಕ್ಲಬ್‌ಗಳ ಮೈದಾನದಲ್ಲಿ ಹಿಂದೆ ಸರಿದು ಆಡುವ 4-4-2, ಇವೆರಡನ್ನು ಬಿಟ್ಟು ಮೂರನೆಯದನ್ನು ಮುಟ್ಟಲಿಲ್ಲ. ಮೂರನೇ ಸೀಸನ್‌ನಲ್ಲಿ ಎಂಟನೇ ಸ್ಥಾನ, ಐದನೆಯದರಲ್ಲಿ ಆರನೇ ಸ್ಥಾನ ಬಂತು. ಆ ಐದು ವರ್ಷಗಳಲ್ಲಿ ಪ್ರತಿ ಬೇಸಿಗೆಯಲ್ಲೂ ಒಬ್ಬ ಮುಖ್ಯ ಆಟಗಾರನನ್ನು ಮಾರಿದ್ದೇನೆ.

ಈಗ ನೀವು ಮಾಡಬೇಕಾದದ್ದು ಇದು. ಸ್ಟ್ರೈಕರ್‌ಗೆ ಪ್ರಸ್ತಾಪ ಕಳುಹಿಸುವ ಮೊದಲು ನಿಮ್ಮ ಕ್ಲಬ್ಬಿನಲ್ಲಿ ಹೆಚ್ಚು ವೇತನ ಪಡೆಯುವ ಎಂಟು ಹತ್ತು ಜನರ ಒಪ್ಪಂದಗಳನ್ನು ಒಂದೊಂದಾಗಿ ತೆರೆದು ಕೊನೆಯ ಸಾಲಿನವರೆಗೂ ಓದಿ. ಸಮಾನ ವೇತನದ ಷರತ್ತು ಯಾರಲ್ಲಾದರೂ ಕಂಡರೆ ಅವನನ್ನು ಈಗಲೇ ಹೊಸ ಒಪ್ಪಂದಕ್ಕೆ ಕರೆಯಿರಿ. ಷರತ್ತು ಇನ್ನೂ ಜಾರಿಗೆ ಬಂದಿಲ್ಲದ ಕಾರಣ ವಾರಕ್ಕೆ ಐದೋ ಹತ್ತೋ ಸಾವಿರ ಹೆಚ್ಚು ಕೊಟ್ಟರೆ ಅದನ್ನು ತೆಗೆಸಬಹುದು. ಆ ಸಾಲನ್ನು ಅಳಿಸಿ, ವೇತನದ ಸಾಲಿಗೆ ಬೀಗ ಹಾಕಿ, ಆಮೇಲೆ ಏಜೆಂಟ್ ಮುಂದೆ ಇಡಿ. ಒಪ್ಪದವನನ್ನು ಇದೇ ಬೇಸಿಗೆಯಲ್ಲಿ ಮಾರಿಬಿಡಿ, ಅವನು ನಿಮ್ಮ ನೆಚ್ಚಿನ ಆಟಗಾರನಾಗಿದ್ದರೂ ಸರಿ. 6 ಕೋಟಿಯನ್ನು ಒಬ್ಬನ ಮೇಲೆ ಸುರಿಯದೆ 19ರಿಂದ 22 ವರ್ಷದ ನಾಲ್ವರಿಗೆ ಹಂಚಿ. ನಾಲ್ವರಲ್ಲಿ ಇಬ್ಬರು ವಿಫಲರಾಗುತ್ತಾರೆ. ನನ್ನ ತಂಡದಲ್ಲೂ ಇಬ್ಬರು ವಿಫಲರಾದರು. ಮೂರನೆಯವನನ್ನು ನಾನು ಕಳೆದ ಸೀಸನ್‌ನಲ್ಲಿ 7 ಕೋಟಿಗೆ ಮಾರಿದೆ, ನಾಲ್ಕನೆಯವನು ಈಗ ನನ್ನ ನಾಯಕ.